ಲೇಸರ್ ಮಾರ್ಕಿಂಗ್ ಮಷಿನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಪಾರ್ಟ್ ಕೈಗೆತ್ತಿಕೊಳ್ಳಿ

ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ. "ಅಣ್ಣಾ, 20 ವ್ಯಾಟ್ ಸಾಕಾ, 30 ಬೇಕಾ, ಇಲ್ಲಾ ಒಂದೇ ಸಲ 50 ತಗೊಂಡ್ಬಿಡ್ಲಾ?" ನಾನು ತಿರುಗಿ ಕೇಳುವುದೂ ಒಂದೇ. "ಪಾರ್ಟ್ ಯಾವುದು? ಮಾರ್ಕ್ ಆದಮೇಲೆ ಅದು ಎಲ್ಲಿಗೆ ಹೋಗುತ್ತೆ?" ಎಷ್ಟೋ ಸಲ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ. ಅಲ್ಲಿಂದಲೇ ಗೊತ್ತಾಗುತ್ತದೆ, ಇವರು ಮಷಿನ್ ನೋಡಿದ್ದಾರೆ, ಪಾರ್ಟ್ ಇನ್ನೂ ನೋಡಿಲ್ಲ ಅಂತ.

ನಾನು ಪೀಣ್ಯದಲ್ಲಿ ಮಾರ್ಕಿಂಗ್ ಜಾಬ್ ವರ್ಕ್ ಮಾಡುತ್ತೇನೆ. ಬೇರಿಂಗ್ ರಿಂಗ್, ವಾಲ್ವ್ ಬಾಡಿ, ಆನೋಡೈಸ್ ಆದ (ಮೇಲೆ ಗಟ್ಟಿ ಆಕ್ಸೈಡ್ ಪದರ ಕೊಟ್ಟ) ಅಲ್ಯುಮಿನಿಯಂ ಪ್ಲೇಟ್, ಕನೆಕ್ಟರ್, ಆಸ್ಪತ್ರೆಯ ಕತ್ತರಿ, ಏನು ಬಂದರೂ ಅದರ ಮೇಲೆ ನಂಬರ್, ಲೋಗೊ, ಕೋಡ್ ಹಾಕಿ ಕೊಡುವುದು ನಮ್ಮ ಕೆಲಸ. ಈ ಲೈನಿನಲ್ಲಿ ಈಚೆಗೆ ಬಹಳ ಹೊಸದು ಬಂದಿದೆ. ಮೋಪಾ ಅನ್ನುವ ಫೈಬರ್ ಲೇಸರ್ ಬಂತು, ಯುವಿ ಲೇಸರ್ ಬಂತು, ಕ್ಯಾಮೆರಾ ಬಂತು, ಕೈಯಲ್ಲಿ ಹಿಡಿದು ಹೊಡೆಯುವ ಮಷಿನ್ ಬಂತು. ಹೊಸದಾಗಿ ಮಷಿನ್ ತೆಗೆದುಕೊಳ್ಳುವವರಿಗೆ, ಇರುವ ಮಷಿನ್‌ನಿಂದ ಒಳ್ಳೆ ಕೆಲಸ ತೆಗೆಯಬೇಕು ಅನ್ನುವವರಿಗೆ ನನಗೆ ಗೊತ್ತಿರುವುದನ್ನು ಬರೆಯುತ್ತಿದ್ದೇನೆ.

ಪಾರ್ಟಿಯನ್ನು ಏನು ಕೇಳಬೇಕು

ಆರ್ಡರ್ ಕೊಡುವವರು ಸಾಮಾನ್ಯವಾಗಿ ಒಂದು ಡ್ರಾಯಿಂಗ್ ಕಳಿಸಿ "ಇಲ್ಲಿ ಮಾರ್ಕ್ ಹಾಕಿ" ಅಂತಾರೆ. ಅಷ್ಟು ಸಾಲದು. ವಸ್ತು ಯಾವುದು, ಗ್ರೇಡ್ ಯಾವುದು, ಹೀಟ್ ಟ್ರೀಟ್‌ಮೆಂಟ್ ಆಗಿದೆಯಾ, ಮಾರ್ಕ್ ಆದಮೇಲೆ ಪ್ಲೇಟಿಂಗ್ ಇದೆಯಾ, ಪೌಡರ್ ಕೋಟಿಂಗ್ ಇದೆಯಾ, ಶಾಟ್ ಬ್ಲಾಸ್ಟಿಂಗ್ (ಸಣ್ಣ ಗುಂಡು ಹೊಡೆದು ಮೇಲ್ಮೈ ಸ್ವಚ್ಛ ಮಾಡುವುದು) ಇದೆಯಾ, ಕೊನೆಗೆ ಆ ಮಾರ್ಕನ್ನು ಓದುವವರು ಯಾರು, ಕಣ್ಣಿನಿಂದ ಓದುತ್ತಾರಾ ಸ್ಕ್ಯಾನರ್‌ನಿಂದ ಓದುತ್ತಾರಾ, ಇದಿಷ್ಟನ್ನೂ ಬಾಯಿಬಿಟ್ಟು ಕೇಳಲೇಬೇಕು.

ಯಾಕೆ ಅಂದರೆ, ಪೌಡರ್ ಕೋಟಿಂಗ್ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ದಪ್ಪ ಕೂರುತ್ತದೆ (ಸಾವಿರ ಮೈಕ್ರಾನ್ ಅಂದರೆ ಒಂದು ಎಂಎಂ). ನೀವು ಮೇಲೆ ಮೇಲೆ 20 ಮೈಕ್ರಾನ್ ಕೆರೆದು ಕೋಡ್ ಹಾಕಿ ಕಳಿಸಿದರೆ, ಓವನ್‌ನಿಂದ ಹೊರಗೆ ಬರುವಾಗ ಅಲ್ಲಿ ಕೋಡ್ ಇತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೋಟಿಂಗ್ ದಪ್ಪಕ್ಕಿಂತ ಚೆನ್ನಾಗಿ ಆಳ ಹೋಗಬೇಕು, ಇಲ್ಲವೇ ಕೋಟಿಂಗ್ ಆದಮೇಲೆ ಮಾರ್ಕ್ ಮಾಡಬೇಕು. ಆಳ ಹೋಗಬೇಕು ಅಂದರೆ ಟೈಮ್ ಜಾಸ್ತಿ, ಪಾಸ್ (ಅದೇ ಜಾಗದ ಮೇಲೆ ಮತ್ತೆ ಮತ್ತೆ ಹೊಡೆಯುವುದು) ಜಾಸ್ತಿ. ಆಗ 20 ವ್ಯಾಟ್‌ಗೂ 50 ವ್ಯಾಟ್‌ಗೂ ಇರುವ ವ್ಯತ್ಯಾಸಕ್ಕೆ ಅರ್ಥ ಬರುತ್ತದೆ. ಬರೀ ಮೇಲ್ಮೈ ಮೇಲೆ ಸೀರಿಯಲ್ ನಂಬರ್ ಹಾಕುವುದಾದರೆ 20 ವ್ಯಾಟ್ ಧಾರಾಳ ಸಾಕು.

ಯಾವ ವಸ್ತುವಿಗೆ ಯಾವ ಬೆಳಕು

ಎಲ್ಲಾ ಲೇಸರ್ ಒಂದೇ ಅಲ್ಲ. ಬೆಳಕಿನ ಅಲೆಯ ಉದ್ದ ಬೇರೆಯಾದರೆ ವಸ್ತು ಅದನ್ನು ಕುಡಿಯುವ ರೀತಿಯೂ ಬೇರೆ.

ಫೈಬರ್ ಲೇಸರ್ 1064 ನ್ಯಾನೋಮೀಟರ್. ಲೋಹಕ್ಕೆ ಇದು ಹೇಳಿ ಮಾಡಿಸಿದ್ದು. ಮೊದಲಿದ್ದ ಲ್ಯಾಂಪ್ ಹಾಕುವ ಯಾಗ್ ಮಷಿನ್‌ನಲ್ಲಿ ಲ್ಯಾಂಪ್ ಬದಲಾಯಿಸುತ್ತಲೇ ಇರಬೇಕಿತ್ತು, ಚಿಲ್ಲರ್ ನೀರು ನೋಡಿಕೊಳ್ಳಬೇಕಿತ್ತು, ಕರೆಂಟ್ ಬಿಲ್ ಬೇರೆ. ಫೈಬರ್‌ನಲ್ಲಿ ಆ ತಲೆನೋವು ಇಲ್ಲ, ಸಣ್ಣ ಮಷಿನ್‌ಗಳಿಗೆ ಬರೀ ಫ್ಯಾನ್ ಸಾಕು.

ಸಿಒ2 ಲೇಸರ್ 10.6 ಮೈಕ್ರಾನ್. ಮರ, ಪೇಪರ್, ಚರ್ಮ, ಅಕ್ರಿಲಿಕ್, ಗಾಜಿಗೆ ಇದು. ಬರಿ ಲೋಹದ ಮೇಲೆ ನಡೆಯುವುದಿಲ್ಲ. ಇದನ್ನು 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದದ್ದು ನಮ್ಮ ದೇಶದಲ್ಲೇ ಹುಟ್ಟಿದ ಸಿ. ಕುಮಾರ್ ಪಟೇಲ್. ಮೊದಲ ಲೇಸರ್ ಉರಿದು ಆಗಿನ್ನೂ ನಾಲ್ಕೇ ವರ್ಷ. ನಮ್ಮ ಕೆಲಸದ ಹುಡುಗರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ, ಅವರ ಮುಖ ಅರಳುತ್ತದೆ.

ಯುವಿ ಲೇಸರ್ 355 ನ್ಯಾನೋಮೀಟರ್. ಪ್ಲಾಸ್ಟಿಕ್‌ಗೆ ನಿಜವಾದ ಬದಲಾವಣೆ ತಂದದ್ದು ಇದು. ಫೈಬರ್ ಲೇಸರ್ ಬಿಳಿ ಪ್ಲಾಸ್ಟಿಕ್ ಮೇಲೆ ಬಿದ್ದರೆ ಒಂದೋ ಏನೂ ಆಗುವುದಿಲ್ಲ, ಇಲ್ಲವೇ ಸುಟ್ಟು ಹಳದಿ ಕಲೆ ಬೀಳುತ್ತದೆ. ಯುವಿ ಹೆಚ್ಚು ಬಿಸಿ ಮಾಡದೆ ವಸ್ತುವಿನ ಒಳಗಿನ ರಾಸಾಯನಿಕ ಬಂಧವನ್ನೇ ಮುರಿದು ಬಣ್ಣ ಬದಲಾಯಿಸುತ್ತದೆ. ಅದಕ್ಕೇ ಇದನ್ನು ತಣ್ಣನೆಯ ಮಾರ್ಕಿಂಗ್ ಅಂತಾರೆ. ಬಿಳಿ ಸ್ವಿಚ್, ಕೇಬಲ್, ಔಷಧಿ ಬಾಟಲಿ, ಆಸ್ಪತ್ರೆಯ ಟ್ಯೂಬ್, ಇಂಥವಕ್ಕೆ ಇದಕ್ಕಿಂತ ಚೊಕ್ಕ ಕೆಲಸ ನಾನು ನೋಡಿಲ್ಲ. ಬೆಲೆ ಫೈಬರ್‌ಗಿಂತ ಜಾಸ್ತಿ, ಮಷಿನ್ ಸ್ವಲ್ಪ ನಾಜೂಕು, ಧೂಳು ಸಹಿಸುವುದಿಲ್ಲ. ಪಕ್ಕದಲ್ಲೇ ಗ್ರೈಂಡಿಂಗ್ ನಡೆಯುವ ಶೆಡ್‌ನಲ್ಲಿ ಇಡಬೇಡಿ.

ಮೋಪಾಗೆ ಜಾಸ್ತಿ ದುಡ್ಡು ಯಾಕೆ

ಸಾಮಾನ್ಯ ಫೈಬರ್ ಮಷಿನ್‌ನಲ್ಲಿ ಒಂದೊಂದು ಪಲ್ಸ್, ಅಂದರೆ ಬೆಳಕಿನ ಒಂದೊಂದು ಏಟು, ಎಷ್ಟು ಹೊತ್ತು ಇರುತ್ತದೆ ಅನ್ನುವುದು ಹೆಚ್ಚು ಕಡಿಮೆ ಫಿಕ್ಸ್, ಸುಮಾರು 100 ನ್ಯಾನೋಸೆಕೆಂಡ್ ಆಸುಪಾಸು. ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಮೋಪಾದಲ್ಲಿ ಅದನ್ನು ನೀವೇ ಬದಲಾಯಿಸಬಹುದು. ಎರಡು ಮೂರು ನ್ಯಾನೋಸೆಕೆಂಡ್‌ನಿಂದ ಹಿಡಿದು ಕೆಲವು ನೂರು ನ್ಯಾನೋಸೆಕೆಂಡ್‌ವರೆಗೆ, ಮಾಡೆಲ್ ಮೇಲೆ ಹೋಗುತ್ತದೆ.

ಇದರಿಂದ ಏನು ಲಾಭ? ಒಲೆ ಮೇಲೆ ರೊಟ್ಟಿ ಸುಡುವುದನ್ನೇ ನೋಡಿ. ಜೋರು ಉರಿಯಲ್ಲಿ ಕ್ಷಣ ಹೊತ್ತು ಇಟ್ಟರೆ ಮೇಲೆ ಚುಕ್ಕೆ ಬೀಳುತ್ತದೆ, ಸಣ್ಣ ಉರಿಯಲ್ಲಿ ನಿಧಾನ ಇಟ್ಟರೆ ಒಳಗೂ ಬೇಯುತ್ತದೆ. ಆನೋಡೈಸ್ ಆದ ಅಲ್ಯುಮಿನಿಯಂ ಮೇಲೆ ಕಪ್ಪು ಮಾರ್ಕ್ ಬೇಕು ಅಂದರೆ ಪಲ್ಸ್ ಚಿಕ್ಕದಾಗಬೇಕು, 10 ನ್ಯಾನೋಸೆಕೆಂಡ್ ಒಳಗೆ, ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಪಲ್ಸ್ ಅನ್ನುವುದು) ಮೇಲೆ ಹೋಗಬೇಕು, ಗೆರೆಗಳು ಒತ್ತೊತ್ತಾಗಿರಬೇಕು. ಸಾಮಾನ್ಯ ಫೈಬರ್‌ನಲ್ಲಿ ಎಷ್ಟು ಒದ್ದಾಡಿದರೂ ಬೂದು ಇಲ್ಲವೇ ಬಿಳಿ ಬರುತ್ತದೆ, ಆ ಗಾಢ ಕಪ್ಪು ಬರುವುದಿಲ್ಲ. ಸ್ಟೇನ್‌ಲೆಸ್ ಮೇಲೆ ಬಣ್ಣ ತರುವುದಕ್ಕೂ ಮೋಪಾ ಬೇಕು. ಅಲ್ಲಿ ಇಂಕ್ ಏನೂ ಇರುವುದಿಲ್ಲ. ಬಿಸಿಗೆ ಮೇಲೆ ಒಂದು ತೆಳು ಆಕ್ಸೈಡ್ ಪದರ ಬೆಳೆಯುತ್ತದೆ, ಅದರ ದಪ್ಪಕ್ಕೆ ತಕ್ಕ ಹಾಗೆ ಬೆಳಕು ಬೇರೆ ಬೇರೆ ಬಣ್ಣವಾಗಿ ಕಾಣುತ್ತದೆ. ಕಮ್ಮಾರರು ಉಳಿ ಹದ ಮಾಡುವಾಗ ಮೊದಲು ಹುಲ್ಲಿನ ಬಣ್ಣ, ಆಮೇಲೆ ನೇರಳೆ, ಆಮೇಲೆ ನೀಲಿ ಬರುವುದನ್ನು ನೋಡಿ ನೀರಿಗೆ ಅದ್ದುತ್ತಾರಲ್ಲ, ಅದೇ ಸಂಗತಿ ಇದು.

ನನ್ನ ಅಭಿಪ್ರಾಯ ಕೇಳಿದರೆ, ದಿನವೂ ಅಲ್ಯುಮಿನಿಯಂ ಅಥವಾ ಕಪ್ಪು ಪ್ಲಾಸ್ಟಿಕ್ ಬರುವವರು ಮೋಪಾ ತೆಗೆದುಕೊಳ್ಳಿ. ಬರೀ ಸ್ಟೀಲ್, ಎರಕದ ಕಬ್ಬಿಣ ಅನ್ನುವವರು ಆ ದುಡ್ಡನ್ನು ಪಾರ್ಟ್ ಅಲುಗದ ಹಾಗೆ ಹಿಡಿಯುವ ಒಳ್ಳೆ ಫಿಕ್ಸ್ಚರ್‌ಗೆ, ಹೊಗೆ ಎಳೆಯುವ ಮಷಿನ್‌ಗೆ ಹಾಕಿ.

ಲೆನ್ಸ್ ಮತ್ತು ಫೋಕಸ್

"ದೊಡ್ಡ ಲೆನ್ಸ್ ಕೊಡಿ, ದೊಡ್ಡ ಏರಿಯಾ ಸಿಗುತ್ತೆ" ಅಂತ ಕೇಳುವವರು ಬಹಳ ಜನ. ಸಿಗುತ್ತದೆ, ಆದರೆ ಪುಕ್ಕಟೆ ಅಲ್ಲ. 160 ಎಂಎಂ ಲೆನ್ಸ್‌ಗೆ (ಈ ನಂಬರ್ ಲೆನ್ಸ್‌ನ ಫೋಕಸ್ ದೂರ) ಸುಮಾರು 110 ಎಂಎಂ ಚೌಕ ಸಿಗುತ್ತದೆ. 254 ಲೆನ್ಸ್‌ಗೆ ಸುಮಾರು 175 ಎಂಎಂ. ಆದರೆ ಆ ದೂರ ಜಾಸ್ತಿ ಆದಷ್ಟೂ ಬೆಳಕಿನ ಚುಕ್ಕೆ ದಪ್ಪ ಆಗುತ್ತದೆ. 160ರಿಂದ 254ಕ್ಕೆ ಹೋದರೆ ಅದೇ ಪವರ್ ಸುಮಾರು ಎರಡೂವರೆ ಪಟ್ಟು ಜಾಗಕ್ಕೆ ಹರಡುತ್ತದೆ. ಕೆತ್ತನೆ ನಿಧಾನ ಆಗುತ್ತದೆ, ಸಣ್ಣ ಅಕ್ಷರ ದಪ್ಪ ಆಗುತ್ತದೆ. ನಿಮ್ಮ ದೊಡ್ಡ ಮಾರ್ಕ್ 60 ಎಂಎಂ ಇದ್ದರೆ ಸುಮ್ನೆ ದೊಡ್ಡ ಲೆನ್ಸ್ ಯಾಕೆ?

ಫೋಕಸ್ ಸೆಟ್ ಮಾಡುವುದಕ್ಕೆ ಮಷಿನ್ ಮೇಲೆ ಎರಡು ಕೆಂಪು ಚುಕ್ಕೆ ಇರುತ್ತವೆ, ಎರಡೂ ಒಂದಾದರೆ ಫೋಕಸ್ ಅಂತ. ಅದನ್ನು ಪೂರ್ತಿ ನಂಬಬೇಡಿ, ಸಾಗಿಸುವಾಗ ಅಲುಗಾಡಿರುತ್ತದೆ. ನಾನು ಹೀಗೆ ಮಾಡುತ್ತೇನೆ. ಒಂದು ಚಪ್ಪಟೆ ಸ್ಟೀಲ್ ಪಟ್ಟಿ ತೆಗೆದುಕೊಂಡು ಒಂದು ತುದಿಯ ಕೆಳಗೆ ಚಿಕ್ಕ ಬ್ಲಾಕ್ ಇಟ್ಟು ಓರೆ ಮಾಡುತ್ತೇನೆ. ಅದರ ಮೇಲೆ ಅಡ್ಡಕ್ಕೆ ಒಂದೇ ಅಂತರದಲ್ಲಿ ಮೂವತ್ತು ನಲವತ್ತು ಗೆರೆ ಹೊಡೆಯುತ್ತೇನೆ. ಈ ತುದಿಯಲ್ಲಿ ಗೆರೆ ದಪ್ಪ, ಮಂಕು. ನಡುವೆ ಎಲ್ಲೋ ಒಂದು ಕಡೆ ಗೆರೆ ಕೂದಲಿನ ಹಾಗೆ ಸಣ್ಣಗೆ, ಚೂಪಾಗಿ ಇರುತ್ತದೆ. ಆ ಕಡೆ ಮತ್ತೆ ದಪ್ಪ. ಆ ಸಣ್ಣ ಗೆರೆ ಇರುವ ಎತ್ತರವೇ ನಿಜವಾದ ಫೋಕಸ್. ಸ್ವಲ್ಪ ದಿನ ಕೆಲಸ ಮಾಡಿದಮೇಲೆ ಕಿವಿಗೂ ಗೊತ್ತಾಗುತ್ತದೆ, ಫೋಕಸ್‌ನಲ್ಲಿ ಇದ್ದಾಗ ಸಾಸಿವೆ ಸಿಡಿದ ಹಾಗೆ ಚಟಚಟ ಅನ್ನುತ್ತದೆ, ಹೊರಗೆ ಹೋದರೆ ಸದ್ದು ಮೆತ್ತಗಾಗುತ್ತದೆ. ಆ ಎತ್ತರಕ್ಕೆ ಸರಿಯಾಗಿ ಒಂದು ಅಲ್ಯುಮಿನಿಯಂ ತುಂಡು ಕಟ್ ಮಾಡಿಸಿ ಮಷಿನ್ ಪಕ್ಕದಲ್ಲೇ ತೂಗು ಹಾಕಿ. ಯಾರು ಬಂದು ಸೆಟ್ ಮಾಡಿದರೂ ತಪ್ಪಾಗುವುದಿಲ್ಲ.

ಸೆಟ್ಟಿಂಗ್ ಹುಡುಕುವುದು

ಯಾರಾದರೂ "ಎಸ್‌ಎಸ್‌ಗೆ (ಸ್ಟೇನ್‌ಲೆಸ್ ಸ್ಟೀಲ್‌ಗೆ) ಸೆಟ್ಟಿಂಗ್ ಕಳಿಸಿ" ಅಂತ ವಾಟ್ಸಾಪ್ ಮಾಡಿದರೆ ನಾನು ಕಳಿಸುತ್ತೇನೆ, ಜೊತೆಗೆ ಇದು ನಿಮ್ಮ ಮಷಿನ್‌ನಲ್ಲಿ ಹಾಗೇ ಬರುವುದಿಲ್ಲ ಅಂತಲೂ ಬರೆಯುತ್ತೇನೆ. ನಂಬರ್ ಕಾಪಿ ಮಾಡುವುದಕ್ಕಿಂತ ನಂಬರ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ ಜೀವನ ಸುಲಭ. ಎರಡೇ ಲೆಕ್ಕ ಇರುವುದು.

ಮೊದಲನೆಯದು, ಪವರ್ ಅನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ಒಂದು ಪಲ್ಸ್‌ನಲ್ಲಿರುವ ಶಕ್ತಿ ಬರುತ್ತದೆ. 20 ವ್ಯಾಟ್, 20 ಕಿಲೋಹರ್ಟ್ಜ್ ಅಂದರೆ ಪಲ್ಸ್‌ಗೆ 1 ಮಿಲಿಜೌಲ್. ಅದೇ 20 ವ್ಯಾಟನ್ನು 80 ಕಿಲೋಹರ್ಟ್ಜ್‌ಗೆ ಇಟ್ಟರೆ ಕಾಲು ಮಿಲಿಜೌಲ್. ಕಡಿಮೆ ಫ್ರೀಕ್ವೆನ್ಸಿ ಸುತ್ತಿಗೆ ಏಟಿನ ಹಾಗೆ, ಲೋಹವನ್ನು ಕಿತ್ತು ತೆಗೆಯುತ್ತದೆ. ಜಾಸ್ತಿ ಫ್ರೀಕ್ವೆನ್ಸಿ ಇಸ್ತ್ರಿ ಪೆಟ್ಟಿಗೆ ಹಾಗೆ, ಬಿಸಿ ಮಾಡುತ್ತದೆ. ಕೆತ್ತನೆ ಬೇಕಾ, ಬಣ್ಣ ಬದಲಾಗಬೇಕಾ ಅನ್ನುವುದು ಇಲ್ಲೇ ತೀರ್ಮಾನ ಆಗುತ್ತದೆ.

ಎರಡನೆಯದು, ಸ್ಪೀಡ್ ಅನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ಒಂದು ಚುಕ್ಕೆಯಿಂದ ಮುಂದಿನ ಚುಕ್ಕೆಗೆ ಇರುವ ದೂರ. ಸೆಕೆಂಡಿಗೆ 1000 ಎಂಎಂ ಸ್ಪೀಡ್, 20 ಕಿಲೋಹರ್ಟ್ಜ್ ಇದ್ದರೆ 0.05 ಎಂಎಂಗೆ ಒಂದು ಚುಕ್ಕೆ. ನಿಮ್ಮ ಚುಕ್ಕೆಯ ದಪ್ಪವೂ ಅಷ್ಟೇ ಇದ್ದರೆ ಚುಕ್ಕೆಗಳು ಒಂದಕ್ಕೊಂದು ಬರೀ ತಾಗಿಕೊಂಡಿರುತ್ತವೆ. ಸ್ಪೀಡ್ ಇನ್ನೂ ಏರಿಸಿದರೆ ಗೆರೆ ಹೋಗಿ ಚುಕ್ಕೆ ಚುಕ್ಕೆ ಕಾಣುತ್ತದೆ. "ಮಾರ್ಕ್ ಮಂಕಾಗಿದೆ" ಅಂತ ಬರುವ ದೂರಿನಲ್ಲಿ ಎಷ್ಟೋ ಸಲ ವಿಷಯ ಇಷ್ಟೇ ಇರುತ್ತದೆ.

ಈ ಎರಡು ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಒಂದು ಟೆಸ್ಟ್ ಚೌಕ ಹಾಕಿ. ಅದೇ ಲಾಟಿನ, ಅದೇ ಹೀಟ್ ಟ್ರೀಟ್‌ಮೆಂಟ್ ಆದ ರಿಜೆಕ್ಷನ್ ಪಾರ್ಟ್ ಕೇಳಿ ತರಿಸಿಕೊಳ್ಳಿ. 4 ಎಂಎಂ ಚೌಕಗಳು, ಅಡ್ಡಕ್ಕೆ ಐದು, ಉದ್ದಕ್ಕೆ ಐದು. ಅಡ್ಡಕ್ಕೆ ಸ್ಪೀಡ್ ಬದಲಾಯಿಸಿ, ಉದ್ದಕ್ಕೆ ಪವರ್ ಬದಲಾಯಿಸಿ, ಬೇರೆ ಏನೂ ಮುಟ್ಟಬೇಡಿ. ಪ್ರತಿ ಚೌಕದ ಪಕ್ಕ ಅದರ ನಂಬರ್ ಕೂಡ ಲೇಸರ್‌ನಲ್ಲೇ ಬರೆಯಿರಿ. ಒಳ್ಳೆಯದು ಸಿಕ್ಕಮೇಲೆ ಅದನ್ನೇ ಇಟ್ಟುಕೊಂಡು ಫ್ರೀಕ್ವೆನ್ಸಿಗೆ ಇನ್ನೊಂದು ಚೌಕ ಹಾಕಿ, ಹ್ಯಾಚ್‌ಗೆ (ಒಳಗೆ ತುಂಬುವ ಗೆರೆಗಳ ಅಂತರಕ್ಕೆ) ಇನ್ನೊಂದು. ಸಾಫ್ಟ್‌ವೇರ್ ಈಜಿಕ್ಯಾಡ್ ಇರಲಿ, ಲೈಟ್‌ಬರ್ನ್ ಇರಲಿ, ದಾರಿ ಇದೇ. ನಮ್ಮಲ್ಲಿ ಈ ಟೆಸ್ಟ್ ಪ್ಲೇಟ್‌ಗಳನ್ನೆಲ್ಲ ತಂತಿಯಲ್ಲಿ ಪೋಣಿಸಿ ಗೋಡೆಗೆ ಹಾಕಿದ್ದೇವೆ. ಹೊಸ ಹುಡುಗನಿಗೆ ಯಾವ ಪುಸ್ತಕಕ್ಕಿಂತ ಜಾಸ್ತಿ ಆ ಗೋಡೆ ಕಲಿಸುತ್ತದೆ.

ಗೆರೆಯ ಶುರುವಿನಲ್ಲಿ, ಕೊನೆಯಲ್ಲಿ ಸುಟ್ಟ ಚುಕ್ಕೆ ಕಂಡರೆ ಪವರ್ ಇಳಿಸಲು ಹೋಗಬೇಡಿ. ಅದು ಡಿಲೇ ಸಮಸ್ಯೆ. ಒಳಗಿನ ಕನ್ನಡಿ ಓಡಲು ಶುರು ಮಾಡುವುದಕ್ಕೂ ಲೇಸರ್ ಹೊತ್ತುವುದಕ್ಕೂ ಹೊಂದಾಣಿಕೆ ತಪ್ಪಿರುತ್ತದೆ. ಸಾಫ್ಟ್‌ವೇರ್‌ನಲ್ಲಿ ಲೇಸರ್ ಆನ್, ಆಫ್ ಡಿಲೇ ಇರುತ್ತದೆ, ಅದನ್ನು ಸ್ವಲ್ಪ ಸ್ವಲ್ಪವೇ ಬದಲಾಯಿಸಿ.

ಕೋಡ್ ಅಂದಮೇಲೆ ಓದಲೇಬೇಕು

ಈ ಲೈನಿನಲ್ಲಿ ಬಂದಿರುವ ಅತಿ ದೊಡ್ಡ ಬದಲಾವಣೆ ಮಷಿನ್‌ನದಲ್ಲ, ಬೇಡಿಕೆಯದು ಅಂತ ನನಗೆ ಅನಿಸುತ್ತದೆ. ಮೊದಲು ಕಂಪನಿ ಹೆಸರು ಹಾಕಿಸುತ್ತಿದ್ದರು. ಈಗ ಪ್ರತಿ ಪಾರ್ಟ್‌ಗೂ ಅದರದೇ ಗುರುತು ಬೇಕು. ನಿಮ್ಮ ಮನೆಯಲ್ಲೇ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನದ ಒಡವೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಅನ್ನುವ ಗುರುತಿನ ನಂಬರ್ ಕಡ್ಡಾಯ. ಹೊಸ ಓಲೆ ಇದ್ದರೆ ಭೂತಗನ್ನಡಿ ಹಿಡಿದು ನೋಡಿ, ಬಿಐಎಸ್ ಗುರುತು, 22ಕೆ916 ಥರದ ಶುದ್ಧತೆ, ಪಕ್ಕದಲ್ಲಿ ಆ ಆರು ಅಕ್ಷರ. ಅಷ್ಟು ಸಣ್ಣ ಜಾಗದಲ್ಲಿ ಚಿನ್ನ ಪೋಲಾಗದ ಹಾಗೆ ಹಾಕುವುದು ಲೇಸರ್‌ನಿಂದ ಸಾಧ್ಯವಾದ ಕೆಲಸ. ಯುರೋಪಿನಲ್ಲಿ 2027ರ ಫೆಬ್ರವರಿ 18ರಿಂದ ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಬರುತ್ತದೆ, ಕ್ಯೂಆರ್ ಕೋಡ್‌ನಿಂದ ಅದನ್ನು ತೆರೆಯಬೇಕು. ವಿಮಾನದ ಪಾರ್ಟ್‌ಗಳಿಗೆ ಎಎಸ್9132 ಅನ್ನುವ ಮಾನದಂಡ ಇದೆ. ಬೆಂಗಳೂರಿನಲ್ಲಿ ಏರೋಸ್ಪೇಸ್ ಜಾಬ್ ಮಾಡುವವರಿಗೆ ಈ ನಂಬರ್ ಡ್ರಾಯಿಂಗ್‌ನಲ್ಲೇ ಬರುತ್ತದೆ.

ಲೋಹದ ಮೇಲೆ ಹೆಚ್ಚಾಗಿ ಹಾಕುವುದು ಡೇಟಾ ಮ್ಯಾಟ್ರಿಕ್ಸ್, ಕ್ಯೂಆರ್ ಥರದ್ದೇ ಚೌಕದ ಕೋಡ್. ಎಡಕ್ಕೆ ಮತ್ತು ಕೆಳಗೆ ಒಂದೊಂದು ಗಟ್ಟಿ ಗೆರೆ, ಉಳಿದ ಎರಡು ಬದಿಯಲ್ಲಿ ಚುಕ್ಕೆ ಬಿಟ್ಟು ಚುಕ್ಕೆ. 16ಕ್ಕೆ 16 ಮನೆಗಳ ಕೋಡ್‌ನಲ್ಲಿ 24 ಅಂಕಿ, ಇಲ್ಲವೇ 16 ಅಕ್ಷರ ಹಿಡಿಸುತ್ತವೆ. ಅದನ್ನು 4 ಎಂಎಂನಲ್ಲಿ ಹಾಕಿದರೆ ಒಂದು ಮನೆ 0.25 ಎಂಎಂ. ಚುಕ್ಕೆ 0.05 ಇದ್ದರೆ ಮನೆಗೆ ಸರಿಯಾಗಿ ಐದು ಗೆರೆ ಕೂರುತ್ತವೆ. ಹೀಗೆ ಪೂರ್ತಿ ಸಂಖ್ಯೆ ಬರುವ ಹಾಗೆ ಸೈಜ್ ಇಡಿ. ಇಲ್ಲದಿದ್ದರೆ ಒಂದು ಮನೆ ದಪ್ಪ, ಪಕ್ಕದ್ದು ಸಣ್ಣ ಆಗಿ ಗ್ರೇಡ್ ಬೀಳುತ್ತದೆ. ಕೋಡ್ ಸುತ್ತ ಕನಿಷ್ಠ ಒಂದು ಮನೆಯಷ್ಟು ಜಾಗ ಖಾಲಿ ಬಿಡಲೇಬೇಕು. ಡ್ರಾಯಿಂಗ್‌ನವರು ಅಂಚಿಗೆ ಒತ್ತಿಸಿ ಕೊಟ್ಟರೆ ಫೋನ್ ಮಾಡಿ ಹೇಳಿ, ಸಂಕೋಚ ಬೇಡ.

ಲೇತ್‌ನಲ್ಲಿ ತಿರುಗಿಸಿದ ಹೊಳೆಯುವ ಮೇಲ್ಮೈ ಇದ್ದರೆ ಸ್ಕ್ಯಾನರ್ ಬೆಳಕು ಕನ್ನಡಿಯಲ್ಲಿ ಬಿದ್ದ ಹಾಗೆ ಚದುರುತ್ತದೆ. ಅದಕ್ಕೆ ನಾವು ಮೊದಲು ಕೋಡ್‌ಗಿಂತ ಸ್ವಲ್ಪ ದೊಡ್ಡ ಚೌಕವನ್ನು ಕಡಿಮೆ ಪವರ್‌ನಲ್ಲಿ ಹೊಡೆದು ತೆಳ್ಳಗೆ ಬಿಳಿಚಿಸುತ್ತೇವೆ. ರಂಗೋಲಿಗೆ ಮುಂಚೆ ಅಂಗಳ ಸಾರಿಸಿದ ಹಾಗೆ. ಅದರ ಮೇಲೆ ಕಪ್ಪು ಕೋಡ್ ಹಾಕಿದರೆ ಎಷ್ಟು ಚೆನ್ನಾಗಿ ಎದ್ದು ಕಾಣುತ್ತದೆ ಅಂದರೆ, ಮೊದಲ ಸಲ ನೋಡಿದವರು ಸ್ಟಿಕರ್ ಅಂದುಕೊಂಡು ಉಗುರಿನಿಂದ ಕೆರೆದು ನೋಡುತ್ತಾರೆ.

ಇನ್ನೊಂದು ಮಾತು. ಫೋನ್‌ನಲ್ಲಿ ಓದಿತು ಅಂದರೆ ಪಾಸ್ ಅಲ್ಲ. ಕೋಡ್‌ನಲ್ಲಿ ತಪ್ಪು ಸರಿಪಡಿಸುವ ಗುಣ ಇದೆ, ಸ್ವಲ್ಪ ಕೆಟ್ಟಿದ್ದರೂ ಒಳ್ಳೆ ಕ್ಯಾಮೆರಾ ಓದಿಬಿಡುತ್ತದೆ. ಆದರೆ ಆರು ತಿಂಗಳು ಎಣ್ಣೆ, ಮಣ್ಣು ಕಂಡಮೇಲೆ ಲೈನ್‌ನಲ್ಲಿರುವ ಸ್ಕ್ಯಾನರ್ ಓದಬೇಕಲ್ವಾ? ಅದಕ್ಕೇ ವೆರಿಫೈಯರ್ ಅಂತ ಬೇರೆ ಮಷಿನ್ ಇದೆ. ಅದು ಕೋಡ್‌ಗೆ ಎಯಿಂದ ಎಫ್‌ವರೆಗೆ ಗ್ರೇಡ್ ಕೊಡುತ್ತದೆ, ಪಾರ್ಟ್ ಮೇಲೆ ನೇರವಾಗಿ ಹಾಕಿದ ಕೋಡ್‌ಗೆ ಐಎಸ್‌ಒ/ಐಇಸಿ 29158 ಪ್ರಕಾರ. ಪಾರ್ಟಿಗೆ ಯಾವ ಗ್ರೇಡ್ ಬೇಕು ಅಂತ ಆರ್ಡರ್‌ನಲ್ಲೇ ಬರೆಸಿಕೊಳ್ಳಿ. "ಓದಬೇಕು" ಅಂತ ಮಾತ್ರ ಇದ್ದರೆ ನಾಳೆ ಜಗಳ ಗ್ಯಾರಂಟಿ.

ಸ್ಟೇನ್‌ಲೆಸ್ ತುಕ್ಕು ಹಿಡಿದ ಕಥೆ

ನಮಗೆ ಒಂದು ಲಾಟ್ ಕತ್ತರಿ, ಇಕ್ಕಳ ಬಂದಿತ್ತು, ಆಸ್ಪತ್ರೆ ಕೆಲಸದ್ದು. ಇಂಥವಕ್ಕೆ ಕೆತ್ತನೆ ಮಾಡಬಾರದು, ಗುಂಡಿಯಲ್ಲಿ ಕೊಳೆ ಕೂರುತ್ತದೆ. ಅನೀಲಿಂಗ್ ಮಾಡಬೇಕು, ಅಂದರೆ ಲೋಹ ಕಿತ್ತು ಬರದ ಹಾಗೆ ಬರೀ ಬಿಸಿಯಿಂದ ಕಪ್ಪು ತರಬೇಕು. ಫೋಕಸ್ ಸ್ವಲ್ಪ ತಪ್ಪಿಸಿ, ಫ್ರೀಕ್ವೆನ್ಸಿ ಏರಿಸಿ, ಸ್ಪೀಡ್ ಇಳಿಸಿ ಮಾಡಿದೆ. ಕಪ್ಪು ಬಹಳ ಚೆನ್ನಾಗಿ ಬಂತು, ಇನ್ನೂ ಕಪ್ಪಾಗಲಿ ಅಂತ ಇನ್ನೊಂದು ಪಾಸ್ ಕೊಟ್ಟೆ. ಬೆರಳಾಡಿಸಿದರೆ ನುಣುಪಾಗಿತ್ತು. ಖುಷಿಯಲ್ಲಿ ಕಳಿಸಿದೆ.

ಮೂರು ವಾರಕ್ಕೆ ಡಬ್ಬ ವಾಪಸ್ ಬಂತು. ತೆರೆದರೆ ನಂಬರ್‌ಗಳ ಸುತ್ತ ಮಾತ್ರ ಅರಿಶಿನ ಚೆಲ್ಲಿದ ಹಾಗೆ ಕಂದು ಕಲೆ. ಉಳಿದ ಕಡೆ ಫಳಫಳ. ಅವರು ಆಟೋಕ್ಲೇವ್‌ನಲ್ಲಿ ಹಬೆಗೆ ಹಾಕಿ ಪರೀಕ್ಷೆ ಮಾಡಿದ್ದರು. ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಅದು ಯಾರದೋ ಆಪರೇಷನ್‌ಗೆ ಹೋಗುವ ಸಾಮಾನು.

ಕಾರಣ ಆಮೇಲೆ ತಿಳಿಯಿತು. ಸ್ಟೇನ್‌ಲೆಸ್ ತುಕ್ಕು ಹಿಡಿಯದಿರುವುದು ಅದರ ಮೇಲ್ಮೈಯ ಕ್ರೋಮಿಯಂನಿಂದ. ಅತಿ ಬಿಸಿ ಮಾಡಿದರೆ ಆ ಕ್ರೋಮಿಯಂ ಆಕ್ಸೈಡ್ ಪದರಕ್ಕೆ ಹೋಗಿ, ಅದರ ಕೆಳಗಿನ ಲೋಹ ಬಡವಾಗುತ್ತದೆ. ನಾನು ಕೊಟ್ಟ ಆ ಇನ್ನೊಂದು ಪಾಸ್ ಅದನ್ನೇ ಮಾಡಿತ್ತು. ಈಗ ನಾವು ಮಾಡುವುದು ಹೀಗೆ: ಓದಲು ಎಷ್ಟು ಕಪ್ಪು ಬೇಕೋ ಅಷ್ಟೇ ಬಿಸಿ, ಒಂದಿಷ್ಟೂ ಜಾಸ್ತಿ ಇಲ್ಲ. ಮಾರ್ಕ್ ಆದಮೇಲೆ ಪ್ಯಾಸಿವೇಷನ್, ಅಂದರೆ ಆಸಿಡ್‌ನಲ್ಲಿ ಅದ್ದಿ ತುಕ್ಕು ತಡೆಯುವ ಪದರ ಮತ್ತೆ ಬರಿಸುವುದು. ನೈಟ್ರಿಕ್ ಆಸಿಡ್‌ನಲ್ಲಿ ಮಾರ್ಕ್ ಮಾಸುವುದುಂಟು, ಸಿಟ್ರಿಕ್ ಸ್ವಲ್ಪ ಮೃದು, ಎರಡರಲ್ಲಿ ಯಾವುದೇ ಆದರೂ ಮೊದಲು ಸ್ಯಾಂಪಲ್ ಮೇಲೆ ನೋಡುತ್ತೇವೆ. ಆಮೇಲೆ ಆ ಸ್ಯಾಂಪಲ್ ಅನ್ನು ಪಾರ್ಟಿಯ ಆಟೋಕ್ಲೇವ್‌ಗೇ ಕಳಿಸುತ್ತೇವೆ, ಒಂದೆರಡು ಸಲ ಅಲ್ಲ, ಹತ್ತಾರು ಸಲ ಹಾಕಿ ಅಂತ.

ಇದಕ್ಕೆ ಈಗ ಇನ್ನೂ ಒಳ್ಳೆ ದಾರಿ ಬಂದಿದೆ, ಪಿಕೋಸೆಕೆಂಡ್ ಲೇಸರ್. ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗದ ಲೆಕ್ಕದ ಪಲ್ಸ್. ಬಿಸಿ ಹರಡಲು ಹೊತ್ತೇ ಸಿಗುವುದಿಲ್ಲ. ಮೇಲ್ಮೈ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಏರಿಳಿತ ಮಾಡುತ್ತದೆ, ಬೆಳಕು ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಕಪ್ಪು. ಯಾವ ಕೋನದಿಂದ ನೋಡಿದರೂ ಕಪ್ಪು, ತುಕ್ಕಿನ ಭಯವೂ ಬಹಳ ಕಡಿಮೆ. ಇಷ್ಟು ಚಿಕ್ಕ ಪಲ್ಸನ್ನು ಇಷ್ಟು ಜೋರಾಗಿ ಮಾಡುವ ಉಪಾಯಕ್ಕೇ 2018ರಲ್ಲಿ ಡೋನಾ ಸ್ಟ್ರಿಕ್‌ಲ್ಯಾಂಡ್, ಜೆರಾರ್ ಮೂರೂ ಅವರಿಗೆ ನೊಬೆಲ್ ಬಂದದ್ದು. ಮಷಿನ್ ಬೆಲೆ ನಮ್ಮಂಥ ಸಣ್ಣ ಶೆಡ್‌ಗೆ ಇನ್ನೂ ಭಾರ. ಆದರೆ ಬರೀ ಮೆಡಿಕಲ್ ಕೆಲಸ ಮಾಡುವವರು ಲೆಕ್ಕ ಹಾಕಿ ನೋಡಬೇಕಾದ್ದು.

ಬೇರೆ ಹೊಸದು

ಕ್ಯಾಮೆರಾ ಇರುವ ಮಷಿನ್ ನನಗೆ ಬಹಳ ಇಷ್ಟ. ಪಾರ್ಟ್ ಸ್ವಲ್ಪ ಓರೆಯಾಗಿ ಇಟ್ಟಿದ್ದರೂ ಅದು ನೋಡಿ ಮಾರ್ಕನ್ನು ತಿರುಗಿಸಿಕೊಳ್ಳುತ್ತದೆ, ಹಾಕಿದ ಮೇಲೆ ಅಲ್ಲೇ ಓದಿಯೂ ನೋಡುತ್ತದೆ. ದಿನಕ್ಕೊಂದು ಥರದ ಪಾರ್ಟ್ ಬರುವ ಜಾಬ್ ವರ್ಕ್‌ನವರಿಗೆ ಫಿಕ್ಸ್ಚರ್ ಖರ್ಚು ಉಳಿಯುತ್ತದೆ. ಮೂರು ಆಕ್ಸಿಸ್ ಗ್ಯಾಲ್ವೋ (ಬೆಳಕನ್ನು ಓಡಿಸುವ ಕನ್ನಡಿಗಳ ಹೆಡ್) ಪೈಪ್, ಮೆಟ್ಟಿಲು ಮೆಟ್ಟಿಲಾಗಿರುವ ಪಾರ್ಟ್‌ಗೆ ಒಳ್ಳೆಯದು, ಫೋಕಸ್ ತಾನೇ ಮೇಲೆ ಕೆಳಗೆ ಹೋಗುತ್ತದೆ. ಕೈಯಲ್ಲಿ ಹಿಡಿಯುವ ಮಷಿನ್ ದೊಡ್ಡ ಟ್ಯಾಂಕ್, ಮೋಲ್ಡ್, ಗಾಡಿ ಚಾಸಿಸ್‌ಗೆ ಸರಿ. ಚಿಕ್ಕ ಪಾರ್ಟ್‌ಗೆ ಅದನ್ನು ತೆಗೆದುಕೊಳ್ಳಬೇಡಿ, ಕೈ ಅಲುಗಾಡುತ್ತದೆ, ಕಣ್ಣಿಗೂ ಅಪಾಯ ಜಾಸ್ತಿ.

ನಂಬರ್ ಕೈಯಲ್ಲಿ ಟೈಪ್ ಮಾಡುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಎಕ್ಸೆಲ್ ಫೈಲ್‌ನಿಂದಲೋ ಪಾರ್ಟಿಯ ಇಆರ್‌ಪಿಯಿಂದಲೋ (ಕಂಪನಿಯ ಲೆಕ್ಕಪತ್ರದ ಸಾಫ್ಟ್‌ವೇರ್) ನೇರ ಬರುವ ಹಾಗೆ ಮಾಡಿಸಿ. ಒಂದೇ ಸೀರಿಯಲ್ ಎರಡು ಪಾರ್ಟ್ ಮೇಲೆ ಬಿದ್ದರೆ ಇಡೀ ಲಾಟ್ ಮೇಲಿನ ನಂಬಿಕೆ ಹೋಗುತ್ತದೆ. ಮಷಿನ್ ನಡುವೆ ಕರೆಂಟ್ ಹೋದಾಗಲೇ ಹೀಗಾಗುವುದು ಜಾಸ್ತಿ, ಅದಕ್ಕೇ ಕಂಪ್ಯೂಟರ್‌ಗೂ ಲೇಸರ್‌ಗೂ ಯುಪಿಎಸ್ ಹಾಕಿ, ಅರ್ಥಿಂಗ್ ಸರಿ ಇದೆಯಾ ನೋಡಿಸಿ.

ಕಣ್ಣು, ಹೊಗೆ

ಇದನ್ನು ದಯವಿಟ್ಟು ಓದದೆ ದಾಟಬೇಡಿ. 1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕಾಣದ ಕಾರಣ ರೆಪ್ಪೆ ಮುಚ್ಚುವುದಿಲ್ಲ. ಆದರೆ ಕಣ್ಣಿನ ಮಸೂರ ಅದನ್ನು ನೇರವಾಗಿ ರೆಟಿನಾ ಮೇಲೆ ಚುಕ್ಕೆಯಾಗಿ ಕೂಡಿಸುತ್ತದೆ. ಹೊಳೆಯುವ ಪಾರ್ಟ್‌ನಿಂದ ಚಿಮ್ಮಿ ಬಂದದ್ದೂ ಸಾಕು. ಮಷಿನ್‌ನಲ್ಲಿ ಕಾಣುವ ಕೆಂಪು ಬೆಳಕು ಬರೀ ಜಾಗ ತೋರಿಸುವುದಕ್ಕೆ, ಅದನ್ನು ನೋಡಿ ಅಪಾಯ ಅಳೆಯಬೇಡಿ. ಕನ್ನಡಕದ ಮೇಲೆ 1064 ಅಂತ, ಓಡಿ (ಬೆಳಕು ತಡೆಯುವ ಶಕ್ತಿಯ ಅಳತೆ) 6 ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೆದಿರಬೇಕು. ಯುವಿ ಮಷಿನ್‌ಗೆ ಬೇರೆ ಕನ್ನಡಕ.

ಬಹಳ ಕಡೆ ನೋಡುವ ತಪ್ಪು ಒಂದಿದೆ. ಸಿಒ2 ಮಷಿನ್‌ಗೆ ಪಾರದರ್ಶಕ ಅಕ್ರಿಲಿಕ್ ಮುಚ್ಚಳ ಸಾಕಾಗುತ್ತದೆ, ಆ ಬೆಳಕನ್ನು ಅಕ್ರಿಲಿಕ್ ತಡೆಯುತ್ತದೆ. ಅದನ್ನೇ ನೋಡಿ ಫೈಬರ್ ಮಷಿನ್‌ಗೂ ಅದೇ ಅಕ್ರಿಲಿಕ್ ಹಾಕಿಸುತ್ತಾರೆ. ಫೈಬರ್ ಬೆಳಕು ಅದರ ಮೂಲಕ ಗಾಜಿನಲ್ಲಿ ಬಿಸಿಲು ಬಂದ ಹಾಗೆ ಬರುತ್ತದೆ. ಪೂರ್ತಿ ಮುಚ್ಚಿದ, ಬಾಗಿಲು ತೆರೆದರೆ ಲೇಸರ್ ನಿಲ್ಲುವ ಪೆಟ್ಟಿಗೆ ಇರುವ ಮಷಿನ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ.

ಹೊಗೆ ಎಳೆಯುವ ಪೈಪನ್ನು ಪಾರ್ಟ್‌ಗೆ ಹತ್ತಿರ ಇಡಿ, ಮಾರುದ್ದ ದೂರ ಇಟ್ಟರೆ ಪ್ರಯೋಜನ ಇಲ್ಲ. ಪಿವಿಸಿ ಮೇಲೆ ಲೇಸರ್ ಹೊಡೆಯಲೇಬೇಡಿ, ಅದರಿಂದ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಶ್ವಾಸಕೋಶಕ್ಕೂ ಕೆಟ್ಟದ್ದು, ಮಷಿನ್ ಕೂಡ ತುಕ್ಕು ಹಿಡಿಯುತ್ತದೆ. ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗದಿದ್ದರೆ ಕೆಲಸ ಹಿಡಿಯಬೇಡಿ. ಲೆನ್ಸನ್ನು ಅಂಗಿ ತುದಿಯಿಂದ ಒರೆಸಬಾರದು, ಲೆನ್ಸ್ ಪೇಪರ್, ಐಸೊಪ್ರೊಪೈಲ್ ಆಲ್ಕೋಹಾಲ್ ಇಟ್ಟುಕೊಳ್ಳಿ.

ಡೆಮೊಗೆ ಹೋಗುವಾಗ

ಮಷಿನ್ ಮಾರುವವರು ತಮ್ಮದೇ ಚಂದದ ಪ್ಲೇಟ್ ಮೇಲೆ ಹುಲಿ, ನವಿಲು ಬಿಡಿಸಿ ತೋರಿಸುತ್ತಾರೆ. ನೋಡಿ, ಆದರೆ ನಿಮ್ಮ ಚೀಲದಿಂದ ನಿಮ್ಮ ಪಾರ್ಟ್ ತೆಗೆದು ಕೊಡಿ. ಹತ್ತು ಪೀಸ್ ಒಯ್ಯಿರಿ, ಎಣ್ಣೆ ಹತ್ತಿದ್ದು ಎರಡು ಇರಲಿ, ಸ್ವಲ್ಪ ಸೊಟ್ಟ ಇರುವುದು ಒಂದು ಇರಲಿ. ನಿಮ್ಮ ಕೋಡ್, ನಿಮ್ಮ ಸೈಜ್‌ನಲ್ಲಿ ಹಾಕಿಸಿ, ಒಂದು ಪೀಸ್‌ಗೆ ಎಷ್ಟು ಸೆಕೆಂಡ್ ಆಯಿತು ಅಂತ ನಿಮ್ಮ ಫೋನ್‌ನಲ್ಲೇ ಟೈಮ್ ನೋಡಿ, ಸೆಟ್ಟಿಂಗ್ ಸ್ಕ್ರೀನ್ ಫೋಟೊ ತೆಗೆದುಕೊಳ್ಳಿ. ಅವತ್ತೇ ಅಡ್ವಾನ್ಸ್ ಕೊಡಬೇಡಿ. ಆ ಹತ್ತು ಪೀಸ್‌ಗಳನ್ನು ವಾಪಸ್ ತಂದು ಪ್ಲೇಟಿಂಗ್‌ನವರಿಗೆ ಎರಡು, ಪೌಡರ್ ಕೋಟಿಂಗ್‌ಗೆ ಎರಡು, ಬ್ಲಾಸ್ಟಿಂಗ್‌ಗೆ ಎರಡು ಕಳಿಸಿ, ಎರಡನ್ನು ಉಪ್ಪು ನೀರಲ್ಲಿ ಒಂದು ವಾರ ಬಿಡಿ, ಉಳಿದ ಎರಡನ್ನು ಮುಟ್ಟದೆ ಹಾಗೇ ಇಟ್ಟುಕೊಳ್ಳಿ. ಎಲ್ಲಾ ವಾಪಸ್ ಬಂದಮೇಲೆ ಹತ್ತನ್ನೂ ಟೇಬಲ್ ಮೇಲೆ ಸಾಲಾಗಿ ಇಟ್ಟು, ನಿಮ್ಮ ಪಾರ್ಟಿಯವರು ಬಳಸುವ ಸ್ಕ್ಯಾನರ್ ಎರವಲು ತಂದು, ಒಂದೊಂದನ್ನೇ ಓದಿಸಿ ನೋಡಿ. ಎಷ್ಟು ವ್ಯಾಟ್ ಬೇಕು ಅಂತ ನನಗೆ ಫೋನ್ ಮಾಡುವುದಾದರೆ ಅದಾದಮೇಲೆ ಮಾಡಿ, ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡೋಣ.